ಬೀಳುವಾಗ ಮುಷ್ಟಿ

ಹೊರಗೆ ನಲವತ್ತಾರು ಡಿಗ್ರಿ.
ಒಳಗೆ ಮೈನಸ್ ಎರಡು.
ನಡುವೆ ಎರಡು ಗಾಜಿನ ಬಾಗಿಲು,
ಬಾಡಿಗೆ ಜಾಕೆಟ್ಟಿನ ಕೌಂಟರು,
ಇನ್ನೊಬ್ಬರ ಬೆವರು ವಾಸನೆಯ ಬೂಟು.

ದುಬೈಯ ಈ ಮಾಲಿನಲ್ಲಿ ಹಿಮ ಬೀಳುವುದು ರಾತ್ರಿ,
ಅಂಗಡಿಗಳೆಲ್ಲ ಷಟರ್ ಎಳೆದ ಮೇಲೆ.
ಬೀಳಿಸುವವರಲ್ಲಿ ನನ್ನ ಅಪ್ಪಯ್ಯನೂ ಒಬ್ಬ.
ಗಂಗೊಳ್ಳಿ ಬಂದರಿನಲ್ಲಿ ಮೀನಿಗೆ ಐಸು ಹೊಡೆಯುತ್ತಿದ್ದವನು
ಇಲ್ಲಿ ಒಂಬತ್ತು ವರ್ಷದಿಂದ ಕಂಪ್ರೆಸರಿನ ಕಿವಿ ಹಿಂಡುತ್ತಾನೆ.
'ಐಸ್ ಅಂದ್ರೆ ಐಸೇ ಹೆಣೆ.
ಅಲ್ಲ್ ಬಂಗುಡೆ, ಇಲ್ಲ್ ನೀವ್.'

ಸಿಬ್ಬಂದಿಯ ಮಕ್ಕಳಿಗೆ ಮಂಗಳವಾರ ಬೆಳಿಗ್ಗೆ ಪುಕ್ಕಟೆ.
ಕಲಿಸುವವಳು ನುರ್ಗಿಜಾ, ಕಿರ್ಗಿಜ್ ಬೆಟ್ಟದವಳು.
ನನ್ನ ಹೆಸರಿನ ಒತ್ತಕ್ಷರದಲ್ಲಿ ಪ್ರತಿ ಸಲ ಜಾರುತ್ತಾಳೆ,
ಪ್ರತೀಕ್ಷಾ ಬಿದ್ದು ಪ್ರತಿಕಾ ಆಗಿ ಏಳುತ್ತದೆ.

ಮೊದಲ ಮಂಗಳವಾರ ಹಲಗೆಯನ್ನೇ ಕೊಡಲಿಲ್ಲ.
'ಬೀಳು' ಅಂದಳು.
ಬಿದ್ದೆ, ಅಂಗೈ ಊರಿ.
'ಮಣಿಕಟ್ಟು ಮುರಿಯಿತು, ಮನೆಗೆ ಹೋಗು.
ಮುಷ್ಟಿ ಕಟ್ಟು, ಮೊಣಕೈ ಮಡಚು.
ಬೆಟ್ಟಕ್ಕೆ ಮುಂದೋಳು ಕೊಡು, ಬೆರಳು ಕೊಡಬೇಡ.'
ಇಪ್ಪತ್ತೇಳು ಸಲ ಬಿದ್ದೆ.
ಎಣಿಸಿದ್ದು ಪೆಂಗ್ವಿನ್ ನೋಡಲು ಬಂದಿದ್ದ ಒಬ್ಬ ಹುಡುಗ,
ಗಾಜಿನಾಚೆ ಐಸ್‌ಕ್ರೀಮು ನೆಕ್ಕುತ್ತ.

ಆಮೇಲೆ ಹಿಮ್ಮಡಿಯ ಅಂಚು. ಆಮೇಲೆ ಕಾಲ್ಬೆರಳ ಅಂಚು.
ಇದರಿಂದ ಅದಕ್ಕೆ ಹೊರಳುವಾಗ
ಹಲಗೆ ಚಪ್ಪಟೆಯಾಗುವ ಒಂದು ಗಳಿಗೆ ಇದೆ,
ಯಾವ ಅಂಚೂ ನಮ್ಮದಲ್ಲ.
ಹದಿನೈದನೇ ವಯಸ್ಸಿನ ಹಾಗೆ, ಎಂದು ಬರೆದು
ಹೊಡೆದುಹಾಕಿದೆ.
ಅದು ಬರೀ ಭಯ. ಮಂಡಿ ಬಗ್ಗಿಸಿದರೆ ದಾಟುತ್ತದೆ.

ಇಲ್ಲಿ ಹಿಮ ಕುಸಿಯುವುದಿಲ್ಲ,
ಆಕಾಶಕ್ಕೇ ಸ್ಕ್ರೂ ಹಾಕಿದ್ದಾರೆ.
ಆದರೂ ಡಿಸೆಂಬರಿನಲ್ಲಿ ನಮ್ಮ ಆರು ಜನರನ್ನು ವ್ಯಾನಿಗೆ ತುಂಬಿ
ಶಾರ್ಜಾದ ಮರಳುದಿಬ್ಬಕ್ಕೆ ಒಯ್ದಳು.
ಚೀಲದಲ್ಲಿ ಸಲಿಕೆ, ಮಡಚುವ ಉದ್ದ ಕೋಲು,
ಪೀಂ ಪೀಂ ಎನ್ನುವ ಪೆಟ್ಟಿಗೆಗಳು.
ಒಂದನ್ನು ತನ್ನ ಕೈಗವಸಿನೊಳಗಿಟ್ಟು
ನಾವು ಕಣ್ಣು ಮುಚ್ಚಿದಾಗ ಹೂತಳು.
'ಇವಳು ನಿಮ್ಮ ಗೆಳತಿ. ಹದಿನೈದು ನಿಮಿಷ.'

ನಗುತ್ತಲೇ ಹುಡುಕಿದೆವು.
ಅಗೆದಷ್ಟೂ ಮರಳು ಮತ್ತೆ ಗುಂಡಿಗೇ ಇಳಿಯಿತು.
ಗವಸು ಸಿಕ್ಕಾಗ ಗಡಿಯಾರ ತೋರಿಸಿದಳು:
ಇಪ್ಪತ್ತೆರಡು.
ಬಿಲಾಲ್ ಕೂತು
ಗವಸಿನ ಬೆರಳು ಬೆರಳಿಂದ ಮರಳು ಕೊಡವಿದ,
ನೋವಾದೀತು ಎಂಬಂತೆ.

ರಾತ್ರಿ ಗಂಜಿ ಉಣ್ಣುತ್ತಿದ್ದ ಅಪ್ಪಯ್ಯನಿಗೆ ಹೇಳಿದೆ:
ಹೂತುಹೋದರೆ ಉಗುಳಬೇಕಂತೆ,
ಜೊಲ್ಲು ಇಳಿಯುವ ಕಡೆಯೇ ಕೆಳಗು.
ಒಣಮೀನಿನ ಮುಳ್ಳು ಬದಿಗಿಟ್ಟ.
'ಕಡ್ಲ್ ಕಂಡ್ ದೋಣಿ ಇಳಿಸ್ಕ್,
ಮನಸ್ ಕಂಡ್ ಅಲ್ಲ.'
ನುರ್ಗಿಜಾ ಅದನ್ನು ಎರಡು ಸಲ ಹೇಳಿಸಿ
ತನ್ನ ಲಿಪಿಯಲ್ಲಿ ಬರೆದುಕೊಂಡಳು.

ಆಗಸ್ಟಿನ ಒಂದು ರಾತ್ರಿ ಎರಡನೇ ಕಂಪ್ರೆಸರ್ ಕೆಟ್ಟಿತು.
ಮರೆತುಹೋಗಿದ್ದ ಬಿಪಿ ಗುಳಿಗೆ ಕೊಡಲು ಅಮ್ಮನ ಕಾರಲ್ಲಿ ಬಂದೆ,
ಅಮ್ಮ ಸೀಟು ಚಾಚಿ ನಿದ್ದೆ.
ಮೂರು ಗಂಟೆಗೆ ಯಂತ್ರ ಮತ್ತೆ ಗುನುಗಿತು.
ಇಳಿಜಾರು ಖಾಲಿ, ಯಾರ ಗೀರೂ ಇಲ್ಲ.
ಒಂಬತ್ತು ವರ್ಷ ಹಿಮ ಮಾಡಿದವನು
ಒಮ್ಮೆಯೂ ಅದರ ಮೇಲೆ ಜಾರಿರಲಿಲ್ಲ.

ಹೆಲ್ಮೆಟ್ಟಿನ ಬಕಲ್ ನಾನೇ ಹಾಕಿದೆ.
'ಬೀಳ್ ಅಪ್ಪಯ್ಯ.'
'ಸುಮ್ನೆ ಬೀಳೂದಾ?'
'ಮುಷ್ಟಿ ಕಟ್ಟಿ.'
ಬೀಸಿದ ಬಲೆಯಂತೆ ಅಗಲಕ್ಕೆ ಬಿದ್ದ.
ಬಿದ್ದಲ್ಲೇ ಮಲಗಿ ಛಾವಣಿ ನೋಡಿದ,
ತುಂಬ ಹೊತ್ತು.
ನನಗೆ ಗಾಬರಿ.
'ಆ ಮೂರ್ನೇ ಪೈಪ್ ಬೆವರ್ತಾ ಇತ್ತ್ ಕಾಣ್' ಎಂದ.

ಹೊರಬಂದರೆ ಕನ್ನಡಕ ಮಬ್ಬು,
ಬೆಳಗಿನ ನಾಲ್ಕಕ್ಕೇ ಬಿಸಿ ಗಾಳಿ.
ಕಾರಿನ ಹತ್ತಿರ ಕೈ ಚಾಚಿ ಗುಳಿಗೆ ಕೊಟ್ಟೆ.
ಅಪ್ಪಯ್ಯನ ಬಲಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.
ಬಿಚ್ಚಿದ.
ಒಳಗೆ ಒಂದಿಷ್ಟು ನೀರು.